ಎತ್ತಿಟ್ಟ ಹನ್ನೆರಡು ಶಾಲು

ಹೋದ ಬೇಸಿಗೆಯವರೆಗೂ ಸಿಂಧನೂರಿನಲ್ಲಿ ಸನ್ಮಾನ ಎಂದರೆ ಮಹೇಶ್ವರಿಯೇ ಬೇಕಿತ್ತು. ಸನ್ಮಾನ ಮಾಡಿಸಿಕೊಳ್ಳುವವಳಲ್ಲ, ಮಾಡಿಸುವವಳು. ಹಾರ ಕಟ್ಟಿಸುವುದು, ಫಲಕ ಬರೆಸುವುದು, ಹಣ್ಣಿನ ಬುಟ್ಟಿ ಜೋಡಿಸುವುದು, ಶಾಲು ಮಡಚಿ ತಟ್ಟೆಯಲ್ಲಿಟ್ಟು ಪರದೆಯ ಹಿಂದೆ ಕಾಯುವುದು, ಹದಿನೈದು ವರ್ಷ ಇದೇ ಅವಳ ಕಸುಬಾಗಿತ್ತು. ಜವಳಗೇರಾದಿಂದ ಸೊಸೆಯಾಗಿ ಬಂದವಳು ಮೊದಲು ಹೂವಿನಂಗಡಿ ಇಟ್ಟಳು, ಆಮೇಲೆ ಅದೇ ಬೆಳೆದು ಇದಾಯಿತು. ಊರಿನ ದೊಡ್ಡವರ ಕೊರಳಳತೆ ದರ್ಜಿಗಿಂತ ಮಹೇಶ್ವರಿಗೇ ಚೆನ್ನಾಗಿ ಗೊತ್ತು ಎಂದು ಜನ ನಗೆಯಾಡುತ್ತಿದ್ದರು.

ಆ ಬೇಸಿಗೆಯಲ್ಲಿ ವರ್ತಕರ ಬಳಗವೊಂದು ‘ಉದ್ಯಮಶ್ರೀ’ ಪ್ರಶಸ್ತಿ ಕೊಡಲು ಹೊರಟಿತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ತಲಾ ನಾಲ್ಕು ಮಂದಿಗೆ. ಬಳಗದ ಅಧ್ಯಕ್ಷ ಚನ್ನವೀರ, ಅಕ್ಕಿ ಗಿರಣಿಯ ಸಾಹುಕಾರ, ಮಹೇಶ್ವರಿಯನ್ನು ಕರೆಸಿ, “ಮಸ್ಕಿ ಕಡೆ ಯಾರರ ಹೆಣ್ಣಮಕ್ಕಳು ಅದಾರೇನು ನೋಡವ್ವ. ಪಟ್ಟಿಯೊಳಗ ಒಬ್ಬಾಕಿನರ ಇರಬೇಕು” ಎಂದ. ಇರಬೇಕಂತೆ, ಮೊಸರನ್ನದ ಮೇಲೆ ನಾಲ್ಕು ಕಾಳು ದಾಳಿಂಬೆ ಉದುರಿಸಿದ ಹಾಗೆ!

ಮಹೇಶ್ವರಿ ಮಸ್ಕಿಗೆ ಹೋಗಿ ಜಮೀಲಾಬೀಯ ಬಾಗಿಲು ತಟ್ಟಿದಳು. ಗಂಡ ತೀರಿದ ಮೇಲೆ ಒಂದೇ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದು ಮಾರಲು ಹಿಡಿದ ಹೆಂಗಸು ಅವಳು. ಈಗ ಒಂಬತ್ತು ಒಲೆ, ಹನ್ನೊಂದು ಹೆಣ್ಣುಮಕ್ಕಳಿಗೆ ಕೆಲಸ. ಲಿಂಗಸುಗೂರಿನ ಖಾನಾವಳಿಗಳಿಗೆಲ್ಲ ಅವಳದೇ ಖಡಕ್ ರೊಟ್ಟಿ ಹೋಗುತ್ತದೆ. ಪ್ರಶಸ್ತಿ ಎಂದೊಡನೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ನಕ್ಕುಬಿಟ್ಟಳು.

“ಅಷ್ಟು ಮಂದಿ ಮುಂದ ಈ ಮುದುಕಿ ಹೆಸರ ಯಾರು ಕೂಗ್ತಾರ ಬೇಟಿ?”

“ನಾ ಕೂಗಸ್ತೀನಿ ಅವ್ವಾರ. ನನ್ನ ಮಾತು” ಎಂದಳು ಮಹೇಶ್ವರಿ.

ಆ ಒಂದು ಮಾತನ್ನು ನಂಬಿ ಜಮೀಲಾಬೀ ಕಾರ್ಯಕ್ರಮದ ದಿನ ಒಂಬತ್ತೂ ಒಲೆ ಆರಿಸಿ, ಹನ್ನೊಂದೂ ಮಂದಿಯನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಸಿಂಧನೂರಿಗೆ ಬಂದಳು.

ಹನ್ನೊಂದು ಗಂಟೆಯ ಕಾರ್ಯಕ್ರಮ ಒಂದೂವರೆಗೆ ಶುರುವಾಯಿತು. ಮಹೇಶ್ವರಿ ಅರವತ್ತು ಶಾಲು ತರಿಸಿದ್ದಳು. ಪಳಗಿದ ಕೈ, ಪ್ರಶಸ್ತಿಯ ಹನ್ನೆರಡನ್ನು ಬೇರೆ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಮೇಜಿನ ಕೆಳಗೆ ಎತ್ತಿಟ್ಟಿದ್ದಳು. ನಮ್ಮ ಕಡೆಯ ಪದ್ಧತಿ ಗೊತ್ತೇ ಇದೆಯಲ್ಲ. ಮೊದಲು ಅತಿಥಿಗಳು, ಆಮೇಲೆ ದಾನಿಗಳು, ಆಮೇಲೆ ಯಾರ ಹೆಸರಿನ ಚೀಟಿ ವೇದಿಕೆಗೆ ಬರುತ್ತದೋ ಅವರೆಲ್ಲ. ಪೆಂಡಾಲು ಕೊಟ್ಟವನಿಗೆ ಶಾಲು, ಅವನ ತಮ್ಮನಿಗೆ ಶಾಲು, ಅತಿಥಿಯ ಕಾರಿನಲ್ಲಿ ಜಾಗ ಖಾಲಿಯಿತ್ತೆಂದು ಹತ್ತಿ ಬಂದವನಿಗೂ ಶಾಲು. ಉಂಡೂ ಹೋದ, ಕೊಂಡೂ ಹೋದ ಅನ್ನುತ್ತಾರಲ್ಲ, ಆ ಜಾತಿ. ಪ್ರಶಸ್ತಿಗೆಂದು ಕರೆಸಿದವರು ಮಾತ್ರ ಕೆಳಗೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಮಹೇಶ್ವರಿ ಚೀಲವಿದೆಯಲ್ಲ ಎಂದು ಹಲ್ಲು ಕಚ್ಚಿಕೊಂಡಳು.

ಕೊನೆಗೂ ಪ್ರಶಸ್ತಿಯ ಪಾಳಿ ಬಂತು. ಸಿಂಧನೂರಿನ ನಾಲ್ವರಾದರು, ಲಿಂಗಸುಗೂರಿನ ನಾಲ್ವರಾದರು, ಮಸ್ಕಿಯ ಮೂವರೂ ಆದರು. ಉಳಿದವಳು ಜಮೀಲಾಬೀ ಒಬ್ಬಳೇ. ಹೊರಗಿನ ನಲವತ್ತೆಂಟು ಶಾಲು ಆಗಲೇ ಮುಗಿದಿದ್ದವು, ಮಹೇಶ್ವರಿ ಚೀಲಕ್ಕೆ ಕೈ ಹಾಕಿದರೆ ಅದೂ ಖಾಲಿ.

“ಇದಕ್ಕ ಯಾರು ಕೈ ಹಾಕಿದ್ರಿ?” ಎಂದು ಪರದೆಯ ಸಂದಿಯಿಂದ ಕೇಳಿದಳು.

ಚನ್ನವೀರ ಕುರ್ಚಿಯಲ್ಲೇ ಹಿಂದಕ್ಕೆ ಬಾಗಿದ. “ನಾನ ಒಂದು ತಗೊಂಡೀನವ್ವ. ಗೊರೇಬಾಳದ ನಮ್ಮ ಬೀಗರು ಬಂದಾರ, ಹಂಗ ಕಳಸಾಕ ಬರ್ತೈತೇನು? ಆಕೀದು ಇರಲಿ ಬಿಡು, ಫಲಕ ಮನೀಗೆ ಕಳಸೋಣು. ಹೆಣ್ಣಮಗಳು, ಏನೂ ಅನ್ನಂಗಿಲ್ಲ. ವಂದನಾರ್ಪಣೆ ಶುರು ಮಾಡಸು.”

ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಅದನ್ನು ಕೇಳಿಸಿಕೊಂಡು ವಂದನಾರ್ಪಣೆಯ ಕಾಗದ ಬಿಡಿಸಿಯೇಬಿಟ್ಟರು.

ಏನೂ ಅನ್ನುವುದಿಲ್ಲವಂತೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಥೂ, ಇವರ ದೊಡ್ಡಸ್ತಿಕೆಗೆ ಬೆಂಕಿ ಬೀಳಲಿ! ಇಂಥವರಿಗಾಗಿ ಹದಿನೈದು ವರ್ಷ ಶಾಲು ಮಡಚಿದೆನಲ್ಲ ಎಂದು ಮಹೇಶ್ವರಿಗೆ ತನ್ನ ಮೇಲೇ ಸಿಟ್ಟು ಬಂತು. ಕೆಳಗೆ ಮೂರನೆಯ ಸಾಲಿನಲ್ಲಿ ಜಮೀಲಾಬೀ ಏಳಲೋ ಬೇಡವೋ ಎಂದು ಕುರ್ಚಿಯ ಅಂಚಿಗೆ ಬಂದಿದ್ದಳು. ಅವಳ ಹುಡುಗಿಯರು ಮೊಬೈಲು ಎತ್ತಿ ಹಿಡಿದಿದ್ದರು.

ಒಂದು ದಿನವೂ ಪರದೆ ದಾಟದ ಮಹೇಶ್ವರಿ ಫಲಕ ಎತ್ತಿಕೊಂಡು ನಡೆದು ಬಂದು ಮೇಷ್ಟ್ರ ಕೈಯಿಂದ ಮೈಕು ಕಿತ್ತುಕೊಂಡಳು.

“ಮಸ್ಕಿ ಜಮೀಲಾಬೀ ಅವರು ಮ್ಯಾಲ ಬರಬೇಕ್ರಿ. ಒಂಬತ್ತು ಒಲಿ ಹೂಡ್ಯಾರ, ಹನ್ನೊಂದು ಮನೀಗೆ ಅನ್ನ ಹಾಕ್ಯಾರ. ಅವರಿಗೆ ಹೊದಸಾಕ ಶಾಲು ಉಳದಿಲ್ರಿ. ಏನೂ ಮಾಡದವರು ಹೊತಗೊಂಡು ಕುಂತಾರ.”

ಚನ್ನವೀರನ ಮುಖ ಕಪ್ಪಿಟ್ಟಿತು. ಗೊರೇಬಾಳದ ಬೀಗರು ಪಾಪ, ಮೈಮೇಲಿನ ಶಾಲನ್ನು ಗಡಬಡಿಸಿ ಮಡಚಿ ಅವನ ಕೈಗೆ ತುರುಕಿದರು. ಅಷ್ಟರಲ್ಲಿ ಜಮೀಲಾಬೀ ಮೇಲೆ ಬಂದಿದ್ದಳು. ಚನ್ನವೀರ ನಗು ತಂದುಕೊಂಡು ಅದನ್ನೇ ಅವಳಿಗೆ ಹೊದಿಸಲು ಹೋದ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ಅದು ಅವರದ್ರಿ ಸಾವಕಾರ್ರ, ಅವರ ಕಡೆನೇ ಇರಲಿ. ನನ್ನ ಹೆಸರು ಬರೆದಿದ್ದು ಕೊಡ್ರಿ ಸಾಕು.”

ಪದ್ಧತಿಯಂತೆ ಫಲಕವನ್ನು ಅಧ್ಯಕ್ಷರ ಕೈಗೆ ಕೊಡಬೇಕು, ಅಧ್ಯಕ್ಷರು ಪ್ರದಾನ ಮಾಡಬೇಕು. ಚನ್ನವೀರ ಎರಡೂ ಕೈ ಚಾಚಿದ. ಮಹೇಶ್ವರಿ ಅವನನ್ನು ದಾಟಿ ಹೋಗಿ, ಅದನ್ನು ಜಮೀಲಾಬೀಯ ಕೈಯಲ್ಲಿ ತಾನೇ ಇಟ್ಟಳು.