ಕೆಳಗೆ ತಿರುಗಿದ ಹೆಬ್ಬೆರಳು

ನನ್ನ ಕಥಾಸಂಕಲನಕ್ಕೆ ಈವರೆಗೆ ಬಂದಿರುವ ಅಭಿಪ್ರಾಯಗಳು ಎರಡು. ಒಂದು ಮುನ್ನುಡಿ ಬರೆದವರದು. ಪಾಪ, ಅವರು ಬರೆಯಲೇಬೇಕಿತ್ತು. ಇನ್ನೊಂದು ನನ್ನ ಹೆಂಡತಿಯ ಅಣ್ಣನದು. ‘ಅಕ್ಷರ ಭಾಳ ಸಣ್ಣವು ಆಗ್ಯಾವ ನೋಡ್ರಿ’ ಎಂದು ಫೋನಿನಲ್ಲಿ ಹೇಳಿದರು. ನನ್ನ ಗೆಳೆಯ ಮಾಡಿದ ಕಂಪ್ಯೂಟರ್ ಆಟಕ್ಕೆ ಮೊದಲ ವಾರದಲ್ಲೇ ಎಣಿಸಲಾರದಷ್ಟು ಅಭಿಪ್ರಾಯಗಳು ಬಂದವು. ಎಣಿಸಲಾರದಷ್ಟು ಅಂದೆ, ಎಣಿಸಲು ಕೂತಿದ್ದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಗೆಳೆಯ ನಮ್ಮ ಓಣಿಯವನೇ. ನವಲಗುಂದ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕೂತು ಕಲಿತವರು ನಾವು. ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾದೆ. ಅವನು ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ ಬಾಜೂಕ್ಕೆ ಆನ್‌ಲೈನ್ ಸೆಂಟರ್ ಇಟ್ಟ. ಪಹಣಿ ತೆಗೆದುಕೊಡುವುದು, ಬೆಳೆವಿಮೆಯ ಅರ್ಜಿ ತುಂಬುವುದು, ಝೆರಾಕ್ಸ್ ಮಾಡುವುದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ವಿಡಿಯೋ ನೋಡಿ ನೋಡಿ ಆಟ ಮಾಡುವುದನ್ನು ಕಲಿತ. ಆ ಒಂದು ಆಟಕ್ಕೆ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷವೂ ನಾನು ಹೋದಾಗೊಮ್ಮೆ ‘ಇನ್ನೂ ಮುಗಿದಿಲ್ಲೇನಲೇ ನಿನ್ನ ಹುಡುಗಾಟ?’ ಎಂದು ಕೇಳಿ, ಅವನ ಚಹಾನೇ ಕುಡಿದು ಬರುತ್ತಿದ್ದೆ.

ಆಟ ಇಷ್ಟೇ. ಕಟ್ಟಡಕ್ಕೆ ಬೆಂಕಿ ಬಿದ್ದಿದೆ, ನೀವು ಒಳಗಿದ್ದೀರಿ, ಜೀವ ಉಳಿಸಿಕೊಂಡು ಹೊರಗೆ ಬರಬೇಕು. ಕೈಯಲ್ಲಿ ಒಂದೇ ಒಂದು ವಸ್ತು ಹಿಡಿಯಬಹುದು. ಮೊದಲು ಹತ್ತಿ ಜಿನ್ನಿಂಗ್ ಮಿಲ್ಲು, ಆಮೇಲೆ ಒಂದು ಲಾಡ್ಜು, ಕೊನೆಗೆ ಹಳೇ ಮಾಳಿಗೆ ಮನೆ. ಮಾರಾಟಕ್ಕೆ ಬಂದ ದಿನ ಅವನೇ ನಮ್ಮ ಮನೆಗೆ ಬಂದು, ನನ್ನ ಲ್ಯಾಪ್‌ಟಾಪಿನಲ್ಲಿ ಪುಕ್ಕಟೆಯಾಗಿ ಹಾಕಿಕೊಟ್ಟು, ‘ಕಡೀ ಮನಿ ನೋಡು’ ಎಂದು ಹೇಳಿ ಹೋದ.

ನೋಡಿದೆ. ಅದು ನನ್ನ ಮನೆ. ನಾನು ಹುಟ್ಟಿ ಬೆಳೆದ, ಈಗ ಕೆಡವಿ ಸಿಮೆಂಟಿನದು ಕಟ್ಟಿಸಿರುವ ಮನೆ. ಅದೇ ಕಂಬ, ಅದೇ ತಲೆಬಾಗಿಲು, ಮಾಳಿಗೆಯಲ್ಲಿ ಅದೇ ಬೆಳಕಿಂಡಿ, ದನ ಕಟ್ಟುವ ಜಾಗದ ಪಕ್ಕದಲ್ಲಿ ಅದೇ ಹಗೇವು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಆ ಗುಂಡಿಯ ಮೇಲಿನ ಕಲ್ಲು ಒಂದು ಕಡೆ ಮುಕ್ಕಾಗಿತ್ತು. ಆಟದಲ್ಲೂ ಮುಕ್ಕಾಗಿತ್ತು. ನನ್ನ ಅವ್ವ ಮಾಡಿದ ರೊಟ್ಟಿ ತಿನ್ನಲು ಬರುತ್ತಿದ್ದ ಹುಡುಗ ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಹೋಗಿದ್ದಾನೆ. ನಾನು ಮೂವತ್ತು ವರ್ಷ ಆ ಮನೆಯಲ್ಲೇ ಇದ್ದು, ಎಂದೂ ಕಾಣದ ಪಟ್ಟಣದವರ ಮೇಲೆ ಕಥೆ ಬರೆದೆ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಕಳವು ಮಾಡಿದ್ದಾನೆ ಅನ್ನಿಸಿತು.

ಅಲ್ಲಿಂದ ಆಡಿದವರ ಅಭಿಪ್ರಾಯ ಓದುವುದು ನನಗೆ ಚಟವಾಯಿತು. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ಮುಂದಿಟ್ಟುಕೊಂಡು ಫೋನು ನೋಡುತ್ತಿದ್ದೆ. ಬರೆಯುವವರು ಹೆಬ್ಬೆರಳನ್ನು ಮೇಲೆ ಮಾಡಬೇಕು, ಇಲ್ಲವೇ ಕೆಳಗೆ ಮಾಡಬೇಕು. ಆಮೇಲೆ ಮನಸ್ಸಿಗೆ ಬಂದದ್ದು ಬರೆಯಬಹುದು. ಮೇಲೆ ಮಾಡಿದವರೇ ಬಹಳ. ಹಿಮ ಬೀಳುವ ಯಾವುದೋ ದೇಶದವನೊಬ್ಬ, ಬೆಳಕಿಂಡಿಯಿಂದ ಮಾಳಿಗೆ ಮೇಲೆ ಬಂದವನು ಆಟ ಮುಗಿಸದೆ ಹತ್ತು ನಿಮಿಷ ಸುಮ್ಮನೆ ಊರು ನೋಡುತ್ತ ನಿಂತನಂತೆ. ಒಬ್ಬಳ ತಾಯಿ ಹಿಂದೆ ಕೂತು ‘ಎಮ್ಮೆಯ ಹಗ್ಗ ಬಿಚ್ಚು, ಮೊದಲು ಎಮ್ಮೆಯ ಹಗ್ಗ ಬಿಚ್ಚು’ ಎಂದು ಕೂಗಿದಳಂತೆ. ಕೈಯಲ್ಲಿ ಏನು ಹಿಡಿಯಬೇಕು ಎಂದು ನಾಲ್ಕು ಜನ ಜಗಳಾಡಿದ್ದರು. ನನ್ನ ಕಥೆಗಳ ಬಗ್ಗೆ ಯಾರೂ ಯಾರ ಜೊತೆಗೂ ಜಗಳಾಡಿಲ್ಲ.

ಹೊಗಳಿಕೆ ಬಂದರೆ ಬೇಗ ದಾಟಿ, ಬೈಗುಳ ಹುಡುಕುತ್ತಿದ್ದೆ. ಬೈಗುಳವೂ ಇತ್ತು, ಎಲ್ಲ ಒಂದೇ ತೆರನದು. ಬೆಂಕಿ ಮೇಲಕ್ಕೆ ಏರುತ್ತದೆ, ಆದ್ದರಿಂದ ಕೆಳಗೆ ಇಳಿಯಬೇಕು ಎಂದು ಲೆಕ್ಕ ಹಾಕಿದವರೆಲ್ಲ ಹಗೇವಿನೊಳಗೆ ಹಾರುತ್ತಿದ್ದರು. ಹಾರಿದವರು ನಾಲ್ಕು ಉಸಿರಿಗೇ ಸಾಯುತ್ತಿದ್ದರು. ಅಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ, ಮತ್ತೆ ಸಾವು ಯಾಕೆ? ಆಟದಲ್ಲೇ ದೋಷವಿದೆ ಎಂದು ಅವರ ತಕರಾರು. ‘ನಿಮಗ ಹೊಟ್ಟಿಕಿಚ್ಚು, ಅದಕ್ಕ ಇವನ್ನಷ್ಟ ಓದಾಕತ್ತೀರಿ’ ಎಂದು ಹೆಂಡತಿ ಅಂದಳು. ನಾನು ವಿಮರ್ಶೆ ಓದುತ್ತಿದ್ದೇನೆ ಎಂದೆ.

ಅವರು ಯಾಕೆ ಸಾಯುತ್ತಾರೆ ಎಂಬುದು ಈ ಭೂಮಿಯ ಮೇಲೆ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ಬಾಯಿ ತೆಗೆದು ಅರ್ಧ ದಿನ ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ನಾವು ಆರನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಅಜ್ಜಿ ಹಗೇವು ತೆಗೆಸಿದಳು. ಜೋಳ ತುಂಬಿಕೊಡಲು ಸಣ್ಣ ಹುಡುಗ ಬೇಕು. ನಾನೂ ಗೆಳೆಯನೂ ನಿಂತಿದ್ದೆವು. ಅಜ್ಜಿ ಅವನ ಕಡೆ ಕೈ ಮಾಡಿ, ‘ಇಂವ ಹಗೂರದಾನ, ಇಂವ ಇಳೀಲಿ. ತಡೀರಿ, ಮೊದಲ ಕಂದೀಲ ತರ್ತೀನಿ’ ಎಂದಳು.

ಹಗೇವು ನಮ್ಮದು, ಅಜ್ಜಿ ನನ್ನವಳು, ಇಳಿಯುವವನು ಅವನೇ? ಅಜ್ಜಿ ಕಂದೀಲು ತರಲು ಒಳಗೆ ಹೋದಳು, ನಾನು ಹಾರಿದೆ. ಮೊಣಕಾಲತನಕ ಜೋಳದಲ್ಲಿ ಹುಗಿದುಕೊಂಡದ್ದು ನೆನಪಿದೆ, ಕಾಲಿನ ಬಲ ಹೋದದ್ದು ನೆನಪಿದೆ. ಗುಂಡಿ ಮುಕ್ಕಾಲು ತುಂಬಿತ್ತು, ಅದಕ್ಕೇ ಬದುಕಿದೆ. ಗೆಳೆಯ ಕಲ್ಲಿನ ಮೇಲೆ ಬೋರಲು ಮಲಗಿ ನನ್ನ ಕೂದಲು ಹಿಡಿದ. ಅಜ್ಜಿ ಚೀರುತ್ತ ಓಡಿಬಂದು ಅವನ ಕಾಲು ಹಿಡಿದು ಎಳೆದಳು. ಅಂಗಳದಲ್ಲಿ ಮಲಗಿಸಿ ಮುಖಕ್ಕೆ ನೀರು ಹೊಡೆದಾಗ ಕಣ್ಣು ಬಿಟ್ಟು ನಾನು ಆಡಿದ ಮೊದಲ ಮಾತು: ‘ಮೊದಲ ಇಳದಾಂವ ನಾನ.’

ಆಟದ ಕೊನೆಯ ಮನೆ ಇದರ ಮೇಲೇ ನಿಂತಿದೆ. ಟ್ರಂಕು, ಚೀಲ ಬಿಟ್ಟು ಕಂದೀಲು ಹಿಡಿದವರಿಗೆ ಮಾತ್ರ ಗುಂಡಿಯ ಗುಟ್ಟು ತಿಳಿಯುತ್ತದೆ. ದೀಪ ಆರಿದ್ದನ್ನು ಕಂಡವರು ಹಿಂದೆ ಸರಿದು, ಜೋಳದ ಚೀಲಗಳ ಮೇಲೆ ಹತ್ತಿ ಬೆಳಕಿಂಡಿಯಿಂದ ಪಾರಾಗುತ್ತಾರೆ. ಈ ಮಾತನ್ನು ನಾನು ಎರಡು ಸಾಲಿನಲ್ಲಿ ಬರೆದಿದ್ದರೆ ತಕರಾರು ಮುಗಿಯುತ್ತಿತ್ತು.

ಬರೆಯುವವನೇ ಇದ್ದೆ ಎಂದು ಬೇಕಾದರೆ ಹೇಳಬಹುದು. ಆದರೆ ಆ ವಾರ ಹೆಡ್‌ಮಾಸ್ತರರು ನನ್ನನ್ನು ಕರೆದು, ‘ಗ್ಯಾದರಿಂಗ್‌ಗೆ ಈ ವರ್ಷ ನಿಮ್ಮ ದೋಸ್ತನ್ನ ಮುಖ್ಯ ಅತಿಥಿ ಮಾಡೂಣ್ರಿ. ಹುಡುಗ್ರು ಭಾಳ ಗಂಟ ಬಿದ್ದಾರ. ಪರಿಚಯ ಭಾಷಣ ನೀವ ಮಾಡ್ರಿ’ ಎಂದರು. ಹದಿನಾರು ಗ್ಯಾದರಿಂಗ್, ಅಂದರೆ ಶಾಲೆಯ ಹದಿನಾರು ವಾರ್ಷಿಕೋತ್ಸವ, ನಾನೇ ಕುರ್ಚಿ ಹಾಕಿಸಿ, ನಿರೂಪಣೆ ಮಾಡಿ ನಡೆಸಿದ್ದೇನೆ. ಒಂದು ಕಥೆ ಓದಿ ಎಂದು ಯಾರೂ ಅಂದಿಲ್ಲ.

ಆ ಭಾನುವಾರ ಊಟ ಮಾಡಿ ಲ್ಯಾಪ್‌ಟಾಪು ತೆಗೆದೆ. ಒಂದು ಸುಳ್ಳು ಹೆಸರು ಇಟ್ಟುಕೊಂಡು, ಹೆಬ್ಬೆರಳನ್ನು ಕೆಳಗೆ ಮಾಡಿ ಇಂಗ್ಲಿಷಿನಲ್ಲಿ ಬರೆದೆ. ಗುಂಡಿಯಲ್ಲಿ ಕಾರಣವಿಲ್ಲದೆ ಸಾಯಿಸುವುದು ಆಡುವವರಿಗೆ ಮಾಡುವ ಮೋಸ. ಇದನ್ನು ಮಾಡಿದವನಿಗೆ ಹಳ್ಳಿಯ ಮನೆ ಗೊತ್ತಿಲ್ಲ, ಚಿತ್ರ ನೋಡಿ ಮಾಡಿದ್ದಾನೆ. ಕನ್ನಡ ಮಾಸ್ತರನ ಇಂಗ್ಲಿಷ್ ಅಂದು ಎಲ್ಲೂ ತಡವರಿಸಲಿಲ್ಲ. ಮರುದಿನಕ್ಕೆ ‘ನಿಜ, ನಿಜ’ ಎಂದು ಜನ ಸೇರಿಕೊಂಡರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಬರೆದದ್ದನ್ನು ಅಷ್ಟು ಜನ ಓದಿದ್ದು ಅದೇ ಮೊದಲು. ನಾಚಿಕೆ ಬಿಟ್ಟು ಹೇಳುವುದಾದರೆ, ಖುಷಿಯಾಗಿತ್ತು.

ನಾಲ್ಕನೇ ದಿನ ಗೆಳೆಯ ಶಾಲೆಗೇ ಬಂದ. ಮುಖ ಇಳಿದಿತ್ತು. ಹೆಬ್ಬೆರಳು ಕೆಳಗೆ ಮಾಡುವವರು ಹೆಚ್ಚಿದರೆ ಆಟವನ್ನು ಯಾರೂ ಕೊಳ್ಳುವುದಿಲ್ಲ, ನಾಲ್ಕು ವರ್ಷದ ಕೆಲಸ ಮಣ್ಣುಪಾಲಾಗುತ್ತದೆ ಎಂದ. ಫೋನು ತೆಗೆದು ನನ್ನ ಮುಂದೆ ಹಿಡಿದ. ನನ್ನದೇ ಅಭಿಪ್ರಾಯ.

‘ಇದೊಂದಕ್ಕ ಉತ್ತರ ಬರಕೊಡಲೇ ಮಾಸ್ತರ. ನನಗ ಕೆಲಸ ಬರ್ತೈತಿ, ಬರ‍್ಯಾಕ ಬರಂಗಿಲ್ಲ. ನಿನಗ ಬರ್ತೈತಿ’ ಎಂದ.

ಬರೆಯಲಿಕ್ಕೆ ನನಗೆ ಬರುತ್ತದೆ ಎಂದು ಯಾರಾದರೂ ಅಂದು ಎಷ್ಟು ವರ್ಷವಾಗಿತ್ತೋ. ಅಲ್ಲೇ ಕೂತು, ಕನ್ನಡದಲ್ಲಿ, ಒಂದೇ ಉಸಿರಿನಲ್ಲಿ ಬರೆದೆ. ಅಜ್ಜಿಯನ್ನು ಬರೆದೆ, ಮುಕ್ಕಾದ ಕಲ್ಲನ್ನು ಬರೆದೆ, ಕಂದೀಲು ಬರುವ ಮೊದಲೇ ಹಾರಿದ ಒಬ್ಬ ಹುಡುಗನನ್ನು ಬರೆದೆ. ಅವನು ಯಾಕೆ ಹಾರಿದ ಎಂಬುದನ್ನು ಮಾತ್ರ ಬರೆಯಲಿಲ್ಲ. ‘ನಮ್ಮಲ್ಲಿ ಮನುಷ್ಯನಿಗಿಂತ ಮೊದಲು ದೀಪವನ್ನು ಕಳಿಸುತ್ತಾರೆ’ ಎಂದು ಮುಗಿಸಿದೆ. ಇಬ್ಬರೂ ಕೂಡಿ ಇಂಗ್ಲಿಷಿಗೆ ತಿರುಗಿಸಿದೆವು. ನನ್ನ ಅಭಿಪ್ರಾಯದ ಕೆಳಗೇ, ಆಟ ಮಾಡಿದವನ ಉತ್ತರ ಎಂದು ಅವನ ಹೆಸರಿನಲ್ಲಿ ಹೋಯಿತು.

ಎರಡು ವಾರದಲ್ಲಿ ಗಾಳಿ ತಿರುಗಿತು. ಕೆಳಗೆ ಮಾಡಿದವರು ಮತ್ತೆ ಬಂದು ಮೇಲೆ ಮಾಡಿದರು. ಉತ್ತರ ಓದಿ ಕಣ್ಣೀರು ಬಂತು ಎಂದರು. ಆಟಕ್ಕಿಂತ ಉತ್ತರವೇ ಚೆನ್ನಾಗಿದೆ, ಇವನು ಪುಸ್ತಕ ಬರೆಯಬೇಕು ಎಂದರು. ಇವನು! ಉರಿದುಹೋದೆ. ನನ್ನ ಮನೆ ಅವನದಾಯಿತು, ಈಗ ನನ್ನ ವಾಕ್ಯಗಳಿಗೆ ಬಂದ ಹೊಗಳಿಕೆಯೂ ಅವನ ಪಾಲಿಗೇ ಬರಬೇಕೇ?

ಶನಿವಾರ ಶಾಲೆ ಬಿಟ್ಟ ಮೇಲೆ ಅಣ್ಣಿಗೇರಿಗೆ ಹೋದೆ. ಅವನು ಯಾರದೋ ಪಹಣಿ ತೆಗೆಯುತ್ತಿದ್ದ. ನಾನು ಅವನ ದೊಡ್ಡ ಪರದೆಯ ಮೇಲೆ ನನ್ನ ಉತ್ತರವನ್ನು ಇನ್ನೊಮ್ಮೆ ಓದಲು ಕೂತೆ. ಆಗಲೇ ಅದರ ಮೇಲಿದ್ದ, ಸುಳ್ಳು ಹೆಸರಿನಲ್ಲಿ ನಾನು ಬರೆದ ಅಭಿಪ್ರಾಯದ ಬುಡದಲ್ಲಿ, ಫೋನಿನಲ್ಲಿ ನಾನು ಗಮನಿಸದೆ ಬಿಟ್ಟಿದ್ದ ಒಂದು ಸಣ್ಣ ಸಾಲು ಕಂಡಿತು. ಇದನ್ನು ಬರೆದವರು ಆಟವನ್ನು ಉಚಿತವಾಗಿ ಪಡೆದಿದ್ದಾರೆ ಎಂದಿತ್ತು. ಬೇರೆ ಅಭಿಪ್ರಾಯಗಳ ಕೆಳಗೆ ನೋಡಿದೆ. ಯಾವುದಕ್ಕೂ ಆ ಸಾಲಿರಲಿಲ್ಲ.

ಗಿರಾಕಿ ಹೋಗುವತನಕ ಕಾದು ಕೇಳಿದೆ, ‘ಆಟಾನ ಪುಕ್ಕಟ ಎಷ್ಟ ಮಂದಿಗೆ ಕೊಟ್ಟೀಯಲೇ?’

‘ಒಬ್ಬಗ’ ಎಂದ. ಝೆರಾಕ್ಸ್ ಯಂತ್ರಕ್ಕೆ ಕಾಗದ ತುಂಬುತ್ತಿದ್ದವನು ತಲೆ ಎತ್ತಲಿಲ್ಲ. ‘ನೀ ಬರದ ದಿನಾನ ಗೊತ್ತಾತು. ಅದಕ್ಕ ಉತ್ತರಾನೂ ನಿನ್ನ ಕಡೀಂದನ ಬರಸಿದೆ. ಗೊತ್ತಿದ್ದಾಂವ ನೀನೊಬ್ಬನ ಅಲ್ಲೇನು? ಹಂಗಂತ ಅಳಸಬ್ಯಾಡ ಮತ್ತ. ಅದನ್ನ ಅಳಸಿದ್ರ ಕೆಳಗಿನ ಉತ್ತರಾನೂ ಹೋಗತೈತಿ.’

ಸಿಟ್ಟು ಮಾಡಿದ್ದರೆ ನಾನೂ ಸಿಟ್ಟು ಮಾಡಿ ಎದ್ದು ಬರುತ್ತಿದ್ದೆ. ಮಾಡಲಿಲ್ಲ. ಆ ದೊಡ್ಡ ಮನಸ್ಸೂ ಅವನಿಗೇ ಬರಬೇಕೇ ಅನ್ನಿಸಿತು. ತಪ್ಪಾಯಿತು ಅನ್ನಬೇಕು ಎಂದೇ ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

‘ಆ ಉತ್ತರದ ಕೆಳಗ ನನ್ನ ಹೆಸರ ಹಾಕಾಕ ಬರ್ತೈತೇನು?’

ಅವನು ಈಗ ತಲೆ ಎತ್ತಿದ. ಆರನೇ ಇಯತ್ತೆಯಲ್ಲಿ, ಅಂಗಳದಲ್ಲಿ ಕಣ್ಣು ಬಿಟ್ಟು ನಾನು ಆಡಿದ ಮಾತು ಕೇಳಿ ನಕ್ಕಿದ್ದನಲ್ಲ, ಹಾಗೆಯೇ ನಕ್ಕ.

‘ಹಾಕ್ತೀನಿ ತಗೋ’ ಎಂದ. ‘ಮ್ಯಾಲಿಂದಕ್ಕೂ ಹಾಕಲೇನು?’

ನಾನು ಚಹಾ ಕುಡಿದು ಬಸ್ಸು ಹಿಡಿದೆ. ಎರಡೂ ಇವತ್ತಿಗೂ ನನ್ನ ಹೆಸರಿಲ್ಲದೆ ಹಾಗೇ ಇವೆ.