ಸ್ಟಿಯರಿಂಗಿಗೆ ಕಟ್ಟಿದ ಬ್ಯಾಂಡೇಜು

ಗೇರ್ ಆಯಿಲಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಸುಟ್ಟ ಬೆಳ್ಳುಳ್ಳಿಗೂ ಬೆಂಕಿಕಡ್ಡಿಯ ಗಂಧಕಕ್ಕೂ ನಡುವಿನ ವಾಸನೆ ಅದು. ಮೊನ್ನೆ ಎರ್ನಾಕುಳದ ಕಲೂರಿನಲ್ಲಿ ಮಗಳ ಮನೆಯಿಂದ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದಾಗ ಒಂದು ವರ್ಕ್‌ಶಾಪಿನ ಮುಂದೆ ಅದು ಬಂತು. ಎತ್ತಿ ನಿಲ್ಲಿಸಿದ ಜೀಪಿನ ಹಿಂದಿನ ಅಚ್ಚಿನಿಂದ ಕಪ್ಪು ಎಣ್ಣೆ ತಟ್ಟೆಗೆ ಇಳಿಯುತ್ತಿತ್ತು. ನನ್ನ ಎಡಭುಜ ತಾನಾಗಿಯೇ ಬಿಗಿಯಿತು. ಅಲ್ಲಿಯೇ ನಿಂತೆ...

ಐವತ್ತರ ದಶಕದ ಕೊನೆಯ ವರ್ಷಗಳು. ಕಾಸರಗೋಡಿನಿಂದ ಬಂದು ಎರ್ನಾಕುಳದಲ್ಲಿ ಒಂದು ಧರ್ಮಾರ್ಥ ಟ್ರಸ್ಟಿನ ಸಂಚಾರಿ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದೆ. ಆಸ್ಪತ್ರೆ ಎಂದರೆ ಒಂದು ಹಳೆಯ ಜೀಪು, ಎರಡು ಔಷಧದ ಪೆಟ್ಟಿಗೆ, ನಾನು ಮತ್ತು ಡಾಕ್ಟರಮ್ಮ. ಅವರು ಮೈಸೂರಿನ ಕಡೆಯವರು. ಟ್ರಸ್ಟು ಕೊಟ್ಟ ಡ್ರೈವರು ಟಾರು ಮುಗಿಯುವಲ್ಲಿಯೇ ಜೀಪು ನಿಲ್ಲಿಸಿ, ಇನ್ನು ಮುಂದೆ ರೋಗಿಗಳು ಇಲ್ಲಿಗೇ ಬರಲಿ ಎನ್ನುತ್ತಿದ್ದ. ಅವನು ಬಿಟ್ಟು ಹೋದ ಮೇಲೆ ಡಾಕ್ಟರಮ್ಮ ಬೇರೆಯವನನ್ನು ಕೇಳಲಿಲ್ಲ. ಸೆರಗು ಸಿಕ್ಕಿಸಿ ತಾವೇ ಸ್ಟಿಯರಿಂಗ್ ಹಿಡಿದರು.

ಪೂರ್ವದ ಗುಡ್ಡಗಳ ದಾರಿ ಮಳೆಗಾಲದಲ್ಲಿ ದಾರಿಯೇ ಅಲ್ಲ. ಜೀಪಿನ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತದೆ ಎಂದು ಹೆಸರು. ಆದರೆ ಹಿಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಗುಂಡು ಪೆಟ್ಟಿಗೆಯಿದೆ. ತಿರುವಿನಲ್ಲಿ ಒಂದು ಚಕ್ರ ಹೆಚ್ಚು, ಇನ್ನೊಂದು ಕಡಿಮೆ ತಿರುಗಲು ಬಿಡುವುದು ಅದರ ಕೆಲಸ. ಕೆಸರಿನಲ್ಲಿ ಅದೇ ಕೈಕೊಡುತ್ತದೆ. ಹೂತ ಚಕ್ರ ಗಿರಗಿರ ಸುತ್ತುತ್ತದೆ, ಗಟ್ಟಿ ನೆಲದ ಮೇಲಿನದು ಸುಮ್ಮನೆ ನಿಂತಿರುತ್ತದೆ. ಆ ಪೆಟ್ಟಿಗೆಗೆ ಬೀಗದಂಥ ಲಾಕರ್ ಹಾಕಿದರೆ ಎರಡೂ ಒಟ್ಟಿಗೇ ತಿರುಗಬೇಕು.

ಅಂಥದ್ದೊಂದನ್ನು ಯುದ್ಧಕಾಲದ ಗುಜರಿಯಿಂದ ಹುಡುಕಿ ತಂದವರು ಡಾಕ್ಟರಮ್ಮ. ಅದನ್ನು ಕೂರಿಸಲು ಕಲೂರಿನ ವರ್ಕ್‌ಶಾಪಿನ ಮೇಸ್ತ್ರಿಗೆ ಮನಸ್ಸಿರಲಿಲ್ಲ. ಎಲ್ಲರೂ ಅವನನ್ನು ಆಶಾನ್, ಅಂದರೆ ಗುರು, ಎಂದು ಕರೆಯುತ್ತಿದ್ದರು.

"ಡಾಕ್ಟರಮ್ಮೇ, ಇದು ಯುದ್ಧಕ್ಕೆ ಮಾಡಿದ ಸಾಮಾನು," ಎಂದ ಮಲಯಾಳದಲ್ಲಿ.

"ನಾನು ಹೋಗುವ ದಾರಿ ನೋಡಿದ್ದೀರಾ, ಆಶಾನೇ?"

ಅವನು ಹಿಂದಿನ ಅಚ್ಚನ್ನು ಬಿಚ್ಚಿ, ಪೆಟ್ಟಿಗೆಯೊಳಗಿನ ದೊಡ್ಡ ಹಲ್ಲುಚಕ್ರವನ್ನು ಹೊರತೆಗೆದು, ಲಾಕರನ್ನು ಅದರ ಪಕ್ಕಕ್ಕೆ ಕೂರಿಸಿದ. ಹಲ್ಲುಗಳಿಗೆ ಕೆಂಪು ಬಣ್ಣ ಬಳಿದು ತಿರುಗಿಸಿ, ಹಲ್ಲುಗಳು ಸರಿಯಾಗಿ ಕಚ್ಚುತ್ತಿವೆಯೇ ಎಂದು ತಿಳಿಯಲು ಬಣ್ಣ ಎಲ್ಲಿ ಅಳಿಯಿತೆಂದು ನೋಡಿದ. ಹಲ್ಲಿನ ತುದಿಯಲ್ಲಿ ಅಳಿದಿತ್ತು. ಮತ್ತೆ ಬಿಚ್ಚಿ, ಬೇರಿಂಗಿನ ಬದಿಗೆ ತೆಳು ತಗಡು ಸೇರಿಸಿ, ಮತ್ತೆ ಬಳಿದ. ನಡುವಿನಲ್ಲಿ ಅಳಿಯುವವರೆಗೂ ಡಾಕ್ಟರಮ್ಮ ಅಲ್ಲಿಂದ ಕದಲಲಿಲ್ಲ. ಕೊನೆಗೆ ಲಾಕರ್ ಹಾಕಿ ಬಿಡಿಸಲು ಸೀಟಿನ ಪಕ್ಕ ಒಂದು ಲಿವರ್ ಬಂತು. ಜೀಪನ್ನು ಜಾಕಿನ ಮೇಲೆತ್ತಿಸಿ ಡಾಕ್ಟರಮ್ಮ ಲಿವರ್ ಎಳೆದರು.

"ಕಂಪೌಂಡರೇ, ಎರಡೂ ಒಟ್ಟಿಗೆ ತಿರುಗ್ತಾ ಇದ್ಯಾ ನೋಡಿ."

"ತಿರುಗ್ತಾ ಉಂಟು, ಡಾಕ್ಟ್ರಮ್ಮ."

"ನೀವು ನಿಮ್ಮೂರ ಥರ 'ಉಂಟು' ಅಂದ್ರೆ ನಂಗೆ ಧೈರ್ಯ. ನನ್ನನ್ನ ಮೆಚ್ಚಿಸೋಕೆ 'ಇದೆ' ಅಂದಿದ್ರೆ ಇನ್ನೊಂದ್ಸಲ ನೋಡಿ ಅಂತಿದ್ದೆ."

ಲಾಕರಿಗೆ ಒಂದು ಕಟ್ಟುನಿಟ್ಟಿದೆ. ಕೆಸರು ಮುಗಿದು ಟಾರು ಬಂದಾಗ ಅದನ್ನು ಬಿಡಿಸಲೇಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಜೀಪು ತಿರುಗದೆ ನೇರಕ್ಕೆ ಜಾರುತ್ತದೆ. ಮರೆಯದಿರಲು ಡಾಕ್ಟರಮ್ಮ ತಮ್ಮದೇ ಒಂದು ಕ್ರಮ ಮಾಡಿಕೊಂಡರು. ಲಿವರ್ ಎಳೆದೊಡನೆ ಸ್ಟಿಯರಿಂಗಿಗೆ ಒಂದು ತುಂಡು ಬ್ಯಾಂಡೇಜು ಕಟ್ಟುವುದು. ಲಾಕರ್ ಬಿಡಿಸಿದ ಮೇಲೆಯೇ ಅದನ್ನು ಬಿಚ್ಚುವುದು. ಎಣ್ಣೆಯನ್ನೂ ತಾವೇ ನೋಡುತ್ತಿದ್ದರು. ಹೊಳೆ ದಾಟಿ ಬಂದ ವಾರ ಅಡಿಯ ಬಿರಡೆ ಬಿಚ್ಚಿ, ಎಣ್ಣೆಯನ್ನು ಎರಡು ಬೆರಳಿನ ನಡುವೆ ಉಜ್ಜಿ, ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ಪೂರ್ತಿ ಬದಲಿಸುತ್ತಿದ್ದರು. ಲೋಹದ ಪುಡಿ ಇದೆಯೇ ಎಂದು ಅಯಸ್ಕಾಂತ ಅದ್ದುತ್ತಿದ್ದರು. ಆಮೇಲೆ ಕೈ ತೊಳೆಯಲು ಸ್ಪಿರಿಟ್ ಕೇಳುತ್ತಿದ್ದರು. ಆ ಎರಡು ವಾಸನೆಗಳು ನನಗೆ ಇಂದಿಗೂ ಬೇರೆಬೇರೆಯಲ್ಲ...

ಒಂದು ಮಳೆಗಾಲದ ದಿನ ಮರ ಕಡಿಯುವವನೊಬ್ಬನ ತೊಡೆಗೆ ಕೊಡಲಿ ಬಿದ್ದಿತ್ತು. ಅವನನ್ನು ಜೀಪಿನ ಹಿಂದೆ ಮಲಗಿಸಿ ಪೇಟೆಯ ಆಸ್ಪತ್ರೆಗೆ ಹೊರಟೆವು. ಗುಡ್ಡದ ದಾರಿಯ ತಗ್ಗೊಂದರಲ್ಲಿ ಜೀಪು ಹೂತಿತು. ಡಾಕ್ಟರಮ್ಮ ಲಿವರ್ ಎಳೆದರು, ಬ್ಯಾಂಡೇಜು ಕಟ್ಟಿದರು, ಜೀಪು ಕೆಸರನ್ನು ಸೀಳಿಕೊಂಡು ಮೇಲೆ ಬಂತು. ಆ ಕುಲುಕಾಟಕ್ಕೆ ಗಾಯದ ಕಟ್ಟು ಸಡಿಲಿ ರಕ್ತ ಚಿಮ್ಮಿತು. ನನ್ನ ಕೈಯಲ್ಲಿದ್ದ ಬ್ಯಾಂಡೇಜಿನ ಸುರುಳಿ ತಳದ ಕೆಸರುನೀರಿಗೆ ಬಿತ್ತು. ನಾನು ಗಾಯ ಒತ್ತಿ ಹಿಡಿದಿದ್ದೆ, ಪೆಟ್ಟಿಗೆ ತೆರೆಯಲು ಕೈಯಿರಲಿಲ್ಲ. ಅವರು ಹಿಂತಿರುಗಿ ನೋಡಿದರು. ಸ್ಟಿಯರಿಂಗಿನ ಬ್ಯಾಂಡೇಜನ್ನು ಒಂದೇ ಕೈಯಲ್ಲಿ ಬಿಚ್ಚಿ ಹಿಂದಕ್ಕೆ ಚಾಚಿದರು.

"ಮೇಲಿಂದ ಕಟ್ಟಿ. ಬಿಗಿಯಾಗಿ."

ಕಟ್ಟಿದೆ. ರಕ್ತ ನಿಂತಿತು. ಟಾರು ಬಂತು, ಮಳೆಯೂ ಬಂತು. ಅವರು ಸ್ಟಿಯರಿಂಗಿನತ್ತ ಕಣ್ಣು ಹಾಯಿಸಿದ್ದನ್ನು ಕಂಡೆ. ಅದು ಬರಿದಾಗಿತ್ತು, ಲಾಕರ್ ಬಿಡಿಸಿಯಾಗಿದೆ ಎನ್ನುವಂತೆ. ಇಳಿಜಾರಿನ ಮೊದಲ ತಿರುವಿನಲ್ಲಿ ಅವರು ಸ್ಟಿಯರಿಂಗ್ ತಿರುಗಿಸಿದರು, ಜೀಪು ತಿರುಗಲಿಲ್ಲ. ರಸ್ತೆಬದಿಯ ಕಲ್ಲುಗೋಡೆ ನಿಧಾನವಾಗಿ ಎದುರಿಗೆ ಬಂದಂತೆ ನನಗೆ ನೆನಪು... ನನ್ನ ಭುಜದ ಎಲುಬು ಮುರಿಯಿತು. ಅವರ ಹಣೆ ಒಡೆಯಿತು. ಗಾಯಾಳುವನ್ನು ಹಿಂದಿನಿಂದ ಬಂದ ಲಾರಿಯಲ್ಲಿ ಸಾಗಿಸಿದರು. ಅವನು ಬದುಕಿದ.

ವಿಚಾರಣೆ ತಿರುವನಂತಪುರದಲ್ಲಿ, ಟ್ರಸ್ಟಿನ ಕಚೇರಿಯಲ್ಲಿ. ಸಾಕ್ಷಿ ನಾನೊಬ್ಬನೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ತಿರುವಿ ಹಾಕಿದೆ. ಕಂಡದ್ದು ಹೇಳಿದರೆ ಡಾಕ್ಟರಮ್ಮನ ಕೆಲಸ ಹೋಗುತ್ತದೆ.

"ನನ್ನ ಮುಖ ನೋಡ್ಕೊಂಡು ಮಾತಾಡಬೇಡಿ," ಎಂದರು ಡಾಕ್ಟರಮ್ಮ. "ಕಂಡಿದ್ದನ್ನ ಕಂಡ ಹಾಗೆ ಹೇಳಿ."

ಹೇಳಿದೆ. ಟ್ರಸ್ಟಿನ ಕಾರ್ಯದರ್ಶಿ ಮುಗಿಯುವವರೆಗೂ ಕೇಳಿ, ಡಾಕ್ಟರಮ್ಮನತ್ತ ಮೃದುವಾಗಿ ತಿರುಗಿದರು. ಲಾಕರ್ ಹಾಕಿದ್ದು ಆ ಮೇಸ್ತ್ರಿಯ ಸ್ವಂತ ಬುದ್ಧಿ ಎಂದು ಒಂದು ಮಾತು ಹೇಳಿದರೆ ಸಾಕು, ಪೊಲೀಸರಿಗೆ ದೂರು ಕೊಟ್ಟು ಅವನ ವರ್ಕ್‌ಶಾಪು ಮುಚ್ಚಿಸುತ್ತೇವೆ, ನಿಮ್ಮ ಹುದ್ದೆಗೆ ಏನೂ ಆಗದು ಎಂದರು.

ಡಾಕ್ಟರಮ್ಮ ಉತ್ತರ ಕೊಟ್ಟದ್ದು ಇಂಗ್ಲಿಷಿನಲ್ಲಿ. ಅದರ ತಾತ್ಪರ್ಯ ಇಷ್ಟು:

"ಹಾಕಿಸಿದವಳು ನಾನು. ಬೇಡ ಅಂದವನು ಅವನು."

"ಆದರೆ ಅಪಘಾತ ಅದರಿಂದಲೇ ಆದದ್ದು."

"ಅಪಘಾತ ನನ್ನಿಂದ ಆದದ್ದು. ಬಿಡಿಸಲು ಮರೆತೆ. ರೋಗಿಯ ಹೊಟ್ಟೆಯಲ್ಲಿ ಕತ್ತರಿ ಬಿಟ್ಟು ಹೊಲಿದರೆ ಕತ್ತರಿಯನ್ನು ಜೈಲಿಗೆ ಹಾಕುತ್ತೀರಾ? ಆ ಲಾಕರ್ ಇಲ್ಲದಿದ್ದರೆ ಆ ಮನುಷ್ಯ ಕೆಸರಿನಲ್ಲೇ ಸಾಯುತ್ತಿದ್ದ. ಅದನ್ನೂ ಬರೆದುಕೊಳ್ಳಿ."

ಬರೆದುಕೊಳ್ಳಲಿಲ್ಲ. ಲಾಕರ್ ತೆಗೆಸಿ, ಟಾರು ದಾಟುವುದಿಲ್ಲವೆಂದು ಒಪ್ಪಿದರೆ ಮುಂದುವರಿಯಬಹುದು ಎಂದರು. ಡಾಕ್ಟರಮ್ಮ ಎದ್ದರು. ಹಣೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. "ಅದನ್ನ ಇಳಿಸೋದಾದ್ರೆ ನಾನೂ ಇಳೀತೀನಿ," ಎಂದು ನನಗೆ ಕನ್ನಡದಲ್ಲಿ ಹೇಳಿ, ಜೀಪಿನ ಕೀಲಿಯನ್ನು ಮೇಜಿನ ಮೇಲಿಟ್ಟರು. ಆಶಾನ್ ಮೇಲೆ ದೂರು ಹೋಗಲಿಲ್ಲ. ದೂರಿಗೆ ಬೇಕಾದ ಆ ಒಂದು ಮಾತು ಟ್ರಸ್ಟಿನವರಿಗೆ ಸಿಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಕಲೂರಿನಲ್ಲಿ ಡಾಕ್ಟರಮ್ಮನನ್ನು ಕಂಡೆ. ಎಲ್ಲಿಂದಲೋ ತಂದ ಮುರುಕು ಜೀಪು. ಟ್ರಸ್ಟಿನವರು ತೆಗೆಸಿ ಎಸೆದ ಅದೇ ಲಾಕರನ್ನು ಆಶಾನ್ ಅದರೊಳಗೆ ಕೂರಿಸುತ್ತಿದ್ದ, ಹಲ್ಲಿಗೆ ಕೆಂಪು ಬಳಿದುಕೊಂಡು. ಸ್ಟಿಯರಿಂಗಿನಲ್ಲಿ ತೆಂಗಿನ ನಾರಿನ ಒರಟು ಹಗ್ಗವೊಂದು ನೇತಾಡುತ್ತಿತ್ತು.

"ಬ್ಯಾಂಡೇಜು?" ಎಂದೆ.

"ಇದನ್ನ ಯಾವ ಗಾಯಕ್ಕೂ ಕಟ್ಟೋಕಾಗಲ್ಲ ನೋಡಿ," ಎಂದು ನಕ್ಕರು. "ಭುಜ ನೆಟ್ಟಗಾದ್ರೆ ಸೋಮವಾರ ಬನ್ನಿ. ಸಂಬಳ ಕೇಳಬೇಡಿ."

ಹೋದೆ. ಹಲವು ಸೋಮವಾರ... ಆ ಗುಡ್ಡಗಳಿಗೆ ಟಾರು ಬಂದ ಕಾಲಕ್ಕೆ ಅವರಿರಲಿಲ್ಲ. ಟ್ರಸ್ಟಿನ ಕಾಗದದಲ್ಲಿ ಅವರು ಇಂದಿಗೂ ಅಪಘಾತ ಮಾಡಿದ ವೈದ್ಯೆ ಮಾತ್ರ. ಹೌದು, ಮಾಡಿದರು. ಉಳಿದದ್ದನ್ನು ಬರೆಯಲು ಈಗ ನಾನೊಬ್ಬ ಉಳಿದಿದ್ದೇನೆ.

ಮೊನ್ನೆಯ ಆ ವರ್ಕ್‌ಶಾಪಿನವನು ನಾನು ನಿಂತದ್ದನ್ನು ಕಂಡು, ಈ ಅಪ್ಪಚ್ಚನಿಗೆ, ಅಂದರೆ ಅಜ್ಜನಿಗೆ, ಜೀಪಿನ ಮೇಲೇಕೆ ಇಷ್ಟು ಆಸೆ ಎಂದು ನಕ್ಕು, ಸ್ಟಿಯರಿಂಗಿನ ಬಳಿಗೆ ಕರೆದು ಗುಂಡಿ ಒತ್ತಿ ತೋರಿಸಿದ. ಈಗ ಲಾಕರ್ ಹಾಕಿದರೆ ಎದುರಿಗೆ ಪುಟ್ಟ ಹಳದಿ ದೀಪ ಹತ್ತುತ್ತದೆ. ಬಿಡಿಸುವವರೆಗೂ ಆರುವುದಿಲ್ಲ. ಒಳ್ಳೆಯದು, ಯಾರೂ ಅದನ್ನು ಕಿತ್ತು ಇನ್ನೊಬ್ಬರ ಗಾಯಕ್ಕೆ ಕಟ್ಟಲಾರರು. ನನ್ನ ಕೈ ಮಾತ್ರ ಸ್ಟಿಯರಿಂಗಿನ ಮೇಲೆ ಒಮ್ಮೆ ಸವರಿ ಬಂತು, ಅಲ್ಲಿ ಹಗ್ಗವಿದೆಯೇ ಎಂದು...

ಇರಲಿಲ್ಲ.