ಕೆಂಪಿಯ ಕೊರಳಿಗೆ ಕಣ್ಣಿ

ನಮ್ಮೂರಿನ ನಾಯಿಗಳಿಗೆ ಯಜಮಾನರು ಅಂತ ಯಾರೂ ಇರದ ಕಾಲವೊಂದಿತ್ತು. ಜಡಿಗೇನಹಳ್ಳಿ ಕಡೆ ಬೆಳೆದ ನನ್ನ ವಯಸ್ಸಿನವರಿಗೆಲ್ಲ ಇದು ಗೊತ್ತು. ನಾಯಿ ಬೀದಿಯದು. ಬೆಳಗ್ಗೆ ಒಬ್ಬರ ಮನೆಯ ತಂಗಳು ಮುದ್ದೆ, ಮಧ್ಯಾಹ್ನ ಇನ್ನೊಬ್ಬರ ಜಗುಲಿಯ ನೆರಳು, ರಾತ್ರಿ ಎಲ್ಲರ ಹಿತ್ತಿಲಿನ ಕಾವಲು. ಹಾಗಂತ ಎಲ್ಲರೂ ನಾಯಿಗಳನ್ನು ಮುದ್ದಾಡುತ್ತಿದ್ದರು ಅಂತ ಸುಳ್ಳು ಹೇಳಲಾರೆ. ಹೊಸಲು ದಾಟಿದರೆ ಪೊರಕೆ ಏಟು ಬೀಳುತ್ತಿತ್ತು. ಆದರೆ ನಾಯಿಯನ್ನು ಕಟ್ಟಿಹಾಕುವವರನ್ನು ನಾನು ಊರಲ್ಲಿ ಕಂಡಿರಲಿಲ್ಲ. ಹಗ್ಗ ಇರುವುದು ದನಕ್ಕೆ ಅಂತಲೇ ನಮ್ಮ ತಿಳುವಳಿಕೆ.

ನಮ್ಮ ಬೀದಿಯ ನಾಯಿ ಕೆಂಪಿ. ಇಟ್ಟಿಗೆ ಬಣ್ಣದ ಮೈ, ಬಾಲದ ತುದಿ ಮಾತ್ರ ಬಿಳಿ. ನಾವು ಹುಡುಗಿಯರು ಕುಂಟೆಬಿಲ್ಲೆ ಆಡೋಣವೆಂದು ನೆಲದ ಮೇಲೆ ಮನೆ ಬರೆದರೆ ಸಾಕು, ಬಂದು ಸರಿಯಾಗಿ ನಡುವಿನ ಮನೆಯಲ್ಲೇ ಮಲಗುತ್ತಿತ್ತು. ಎಬ್ಬಿಸಿದರೆ ಪಕ್ಕದ ಮನೆಗೆ ಹೊರಳುತ್ತಿತ್ತು, ಎದ್ದು ಹೋಗುತ್ತಿರಲಿಲ್ಲ. ನನ್ನ ಚಿಕ್ಕಪ್ಪ ಮಂಜ ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನು ಪಾಳಿ ಮುಗಿಸಿ ಬಸ್ಸಿಳಿಯುವ ಹೊತ್ತಿಗೆ ಕೆಂಪಿ ಅಲ್ಲಿ ಹಾಜರು. ಅವನ ಜೇಬಲ್ಲಿ ಅದಕ್ಕೊಂದು ಬನ್ನು ಇದ್ದೇ ಇರುತ್ತಿತ್ತು. ಎದುರುಮನೆಯ ನಾರಾಯಣಪ್ಪನೂ ಊಟ ಮುಗಿಸಿ ಎದ್ದರೆ ಕೊನೆಯ ತುತ್ತನ್ನು ಅದಕ್ಕೇ ಹಾಕುತ್ತಿದ್ದ. ಈ ಹೆಸರು ನೆನಪಿಟ್ಟುಕೊಳ್ಳಿ.

ಆ ವರ್ಷ ಅವರೆಕಾಯಿ ಕಾಲ ಶುರುವಾದಾಗ ನೀಲಗಿರಿ ತೋಪಿನ ಕಡೆಯಿಂದ ಯಾವುದೋ ಕಪ್ಪು ನಾಯಿ ಜೊಲ್ಲು ಸುರಿಸುತ್ತಾ ಊರೊಳಗೆ ನುಗ್ಗಿತು. ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕಿತು. ನಾರಾಯಣಪ್ಪನ ಎಮ್ಮೆಕರುವಿನ ಮೂತಿ ಕಚ್ಚಿ, ಕೆರೆ ಅಂಗಳಕ್ಕೆ ಹೋಗಿ ಬಿದ್ದು ಸತ್ತಿತು. ಕರು ಚೆನ್ನಾಗಿಯೇ ಇತ್ತು. ಗಾಯಕ್ಕೆ ಅರಿಶಿನ ಮೆತ್ತಿ ಎಲ್ಲರೂ ಮರೆತರು. ಊರೆಲ್ಲ ಹಿತಕಿದ ಬೇಳೆ ಸಾರಿನ ಘಮ, ಹೊಲದಲ್ಲಿ ಸೊಗಡಿನ ವಾಸನೆ, ಮಕ್ಕಳ ಬೆರಳೆಲ್ಲ ಸಿಪ್ಪೆಯ ಅಂಟು. ಅವರೆ ಮುಗಿಯುತ್ತಾ ಬಂದಾಗ ಆ ಕರು ಒಂದು ಬೆಳಗ್ಗೆ ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿತು. ಗಂಟಲು ಒಡೆದ ದನಿಯಲ್ಲಿ ಕೂಗಿ ಕೂಗಿ, ಬಾಯಲ್ಲಿ ನೊರೆ ಕಟ್ಟಿಕೊಂಡು ಸತ್ತಿತು. ಆ ದನಿ ಕೇಳಿದ ಮೇಲೆ ಊರಿನ ಬುದ್ಧಿ ಕೆಟ್ಟುಹೋಯಿತು.

ಅರಳಿಕಟ್ಟೆ ಮುಂದೆ ಎಲ್ಲರೂ ಸೇರಿದರು. ನಾರಾಯಣಪ್ಪನೇ ಮುಂದೆ ನಿಂತಿದ್ದ.

"ಆ ನಾಯಿ ಯಾವ್ಯಾವುದನ್ನ ಕಚ್ಚೈತೋ ಯಾರ್ ಕಂಡೋರು? ಇವತ್ತು ನನ್ ಕರ, ನಾಳೆ ನಿಮ್ ಮಕ್ಳು. ನಮ್ದು ಅನ್ನೋ ನಾಯಿ ಇದ್ರೆ ಕಟ್ಟಾಕ್ಕೊಳ್ಳಿ. ಕೊಳ್ಳಲ್ಲಿ ಹಗ್ಗ ಇದ್ರೆ ಮುಟ್ಟಲ್ಲ. ಬೀದೀಲಿ ಸಿಕ್ಕಿದ್ದನ್ನ ಬಿಡಲ್ಲ."

ನಮ್ಮದು ಅನ್ನಲು ಯಾರೂ ಮುಂದೆ ಬರಲಿಲ್ಲ. ನಮ್ಮದು ಅಂದರೆ ನಾಳೆ ಅದು ಯಾರನ್ನಾದರೂ ಕಚ್ಚಿದಾಗ ಜವಾಬು ಕೊಡಬೇಕಲ್ಲ! ಅಷ್ಟು ವರ್ಷ ಮನೆ ಕಾಯಿಸಿಕೊಂಡ ಜನ ನೆಲ ನೋಡುತ್ತಾ ನಿಂತರು. ನನಗೆ ಈಗ ನೆನೆದರೂ ಮೈ ಉರಿಯುತ್ತದೆ. ಕೊನೆಗೆ ಬಾಯಿ ಬಿಟ್ಟವಳು ನಮ್ಮಜ್ಜಿ ಗೌರಮ್ಮ ಒಬ್ಬಳೇ.

"ಕೆಂಪಿ ನಮ್ದು ಕಣ್ಲಾ ನಾರಾಯಣ. ಅದ್ರ ತಂಟೆಗೆ ಬಂದ್ರೆ ನಿನ್ ಕೈ ಮುರೀತೀನಿ."

ಮನೆಗೆ ಬಂದವಳೇ ಕೊಟ್ಟಿಗೆಯಲ್ಲಿದ್ದ ಕಣ್ಣಿ, ಕರು ಕಟ್ಟುವ ಸಣ್ಣ ಹಗ್ಗ, ತೆಗೆದು ಕೆಂಪಿಯ ಕೊರಳಿಗೆ ಹಾಕಿ ಹಸುವಿನ ಪಕ್ಕದ ಗೂಟಕ್ಕೆ ಬಿಗಿದಳು. ನಾಯಿಯನ್ನು ಕಟ್ಟುವುದು ಹೇಗೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕರುವಿಗೆ ಹಾಕುವ ಹಾಗೇ ಹಾಕಿದಳು. ಎಳೆದಷ್ಟೂ ಅದು ಬಿಗಿಯುತ್ತಿತ್ತು.

ಮಾರನೆಯ ದಿನ ಬೆಳಗ್ಗೆ ಕೊಲ್ಲಲು ಶುರು ಮಾಡಿದರು. ಹೇಗೆ ಕೊಂದರು ಅಂತ ಹೇಳಲೇಬೇಕು. ಓಡಿಸಿಕೊಂಡು ಹೋಗಲಿಲ್ಲ, ಬಲೆ ಹಾಕಲಿಲ್ಲ. ಹೆಸರು ಹಿಡಿದು ಕರೆದರು. "ಕರಿಯಾ, ಬಾ ಬಾ" ಅಂತ ಒಬ್ಬ ಮುದ್ದೆ ತೋರಿಸಿದ, ಇನ್ನೊಬ್ಬ ಹಿಂದೆ ದೊಣ್ಣೆ ಹಿಡಿದು ನಿಂತ. ಕರಿಯ ಬಾಲ ಅಲ್ಲಾಡಿಸುತ್ತಾ ಬಂದಿತು. ಮುದ್ದೆಗೆ ಬಾಯಿ ಹಾಕಿದಾಗಲೇ ತಲೆಯ ಮೇಲೆ ಏಟು ಬಿತ್ತು. ಬಾಯಲ್ಲಿ ಮುದ್ದೆ ಇದ್ದ ಹಾಗೇ ಕಾಲು ಒದರಿತು. ಹೆದರಿ ಓಡುವ ಕಳ್ಳನಾಯಿಗಳು ಹೊಲ ಸೇರಿ ಬದುಕಿಕೊಂಡವು. ನಮ್ಮನ್ನು ನಂಬಿದವೇ ಮೊದಲು ಸತ್ತವು. ಹೊಟ್ಟೆಯಲ್ಲಿ ಮರಿ ಇದ್ದ ಚುಕ್ಕಿಯನ್ನು ಮೂವರು ಸೇರಿ ಹೊಡೆದರು. ಅದು ಸಾಯುವವರೆಗೂ ಕೂಗಿತು. ಹಿಂಗಾಲಿಗೆ ಹಗ್ಗ ಹಾಕಿ ಟ್ರ್ಯಾಕ್ಟರಿನ ಹಿಂದೆ ಎಳೆದೊಯ್ದರು. ಬೀದಿಯ ಉದ್ದಕ್ಕೂ ಮಣ್ಣು ಕೆಂಪಾಗಿ ಒದ್ದೆಯಾಗಿತ್ತು, ನೊಣ ಮುತ್ತುತ್ತಿದ್ದವು. ನನ್ನ ಕುಂಟೆಬಿಲ್ಲೆಯ ಗೆರೆಗಳ ಮೇಲೂ ಅದೇ.

ಕೊಟ್ಟಿಗೆಯಲ್ಲಿದ್ದ ಕೆಂಪಿಗೆ ಇದೆಲ್ಲ ಕೇಳಿಸುತ್ತಿತ್ತು. ಹುಟ್ಟಿದಾರಭ್ಯ ಹಗ್ಗ ಕಾಣದ ಪ್ರಾಣಿ. ಜಗ್ಗಿತು, ನೆಗೆಯಿತು, ಗೂಟ ಕಚ್ಚಿತು. ಹಗ್ಗ ಅಗಿದು ಅಗಿದು ವಸಡಿನಿಂದ ರಕ್ತ ಬಂತು. ಕೊರಳು ಬಿಗಿದು ದನಿ ಒಡೆಯಿತು. ಬಾಯಿಯಿಂದ ಕೆಂಪು ನೊರೆ ಇಳಿಯತೊಡಗಿತು. ಇಟ್ಟ ನೀರಿನ ಬಾಂಡ್ಲಿಯನ್ನು ಒದ್ದು ಉರುಳಿಸಿತ್ತು. ಈಗ ಯೋಚಿಸಿದರೆ ತಿಳಿಯುತ್ತದೆ. ಜೊಲ್ಲು, ಒಡೆದ ದನಿ, ಸಿಕ್ಕಿದ್ದನ್ನು ಕಚ್ಚುವುದು, ನೀರು ಮುಟ್ಟದೆ ಇರುವುದು, ಹುಚ್ಚಿನ ಗುರುತು ಅಂತ ಊರು ತಿಳಿದಿದ್ದ ಎಲ್ಲವನ್ನೂ ಆ ಹಗ್ಗವೇ ತಂದುಕೊಟ್ಟಿತ್ತು. ಉಳಿಸಲು ಹಾಕಿದ ಹಗ್ಗ ಅದು.

ಮಧ್ಯಾಹ್ನದ ಹೊತ್ತಿಗೆ ಗುಂಪು ನಮ್ಮ ಬಾಗಿಲಿಗೆ ಬಂತು. ನಾರಾಯಣಪ್ಪನ ಪಂಚೆಯ ಮೇಲೆ ರಕ್ತದ ಕಲೆಗಳಿದ್ದವು.

"ಗೌರಕ್ಕಾ, ದನಿ ಕೇಳಿಸ್ಕೊಂಡ್ಯಾ? ನನ್ ಕರ ಹಿಂಗೇ ಕೂಗಿದ್ದು. ಬುಡು ದಾರಿ."

"ಥೂ ನಿನ್ ಮಕಕ್ಕಿಷ್ಟು! ಕಟ್ಟಾಕು ಅಂದೋನು ನೀನೇ, ಕಟ್ಟಿದ್ಕೆ ಕೂಗ್ತದೆ. ನಿನ್ ಕೊಳ್ಳಿಗೂ ಒಂದು ಹಾಕ್ತೀನಿ, ನೀನ್ ಹೆಂಗ್ ಕೂಗ್ತೀಯೋ ನೋಡಾಣ!"

ಆಗಲೇ ಚಿಕ್ಕಪ್ಪ ಪಾಳಿಯಿಂದ ಬಂದ. ಕಾರ್ಖಾನೆಯ ಬಟ್ಟೆಯಲ್ಲೇ ಗುಂಪಿಗೂ ಬಾಗಿಲಿಗೂ ನಡುವೆ ನಿಂತ. ಒಬ್ಬನ ಕೈಯಿಂದ ಕಬ್ಬಿಣದ ಪೈಪು ಕಿತ್ತುಕೊಂಡ.

"ಯಾರೂ ಒಳಕ್ ಬರ್ಬೇಡಿ. ನಮ್ ನಾಯಿ, ನಾವ್ ನೋಡ್ಕೋತೀವಿ. ಹುಚ್ಚು ಅಂತ ಗೊತ್ತಾದ್ರೆ ನಾನೇ ಹೊಡೀತೀನಿ, ಸರೀನಾ ನಾರಾಯಣಣ್ಣ?"

"ನೀರು ಇಟ್ ನೋಡು. ಹುಚ್ಚಿದ್ರೆ ಕುಡಿಯಲ್ಲ," ಅಂದ ನಾರಾಯಣಪ್ಪ.

ಅಜ್ಜಿ ನನ್ನ ಕೈಯಲ್ಲಿ ಬಾಂಡ್ಲಿ ತುಂಬ ನೀರು ತರಿಸಿದಳು. ಕೊಟ್ಟಿಗೆಯ ಬಾಗಿಲು ತುಂಬ ಜನ, ಅವರ ಕೈಯಲ್ಲಿ ಕೆಂಪಿಯ ಬಳಗವನ್ನು ಕೊಂದ ದೊಣ್ಣೆಗಳು. ಕೆಂಪಿ ಮೂಲೆಗೆ ಒತ್ತರಿಸಿಕೊಂಡು ಹಲ್ಲು ಕಿರಿಯಿತು. ನೀರಿನ ಕಡೆ ತಿರುಗಿಯೂ ನೋಡಲಿಲ್ಲ. ಯಾರು ತಾನೇ ಕುಡಿದಾರು ಹೇಳಿ? "ನೋಡ್ರಪ್ಪ ನೋಡ್ರಿ" ಅಂತ ಹಿಂದಿನಿಂದ ಕೂಗು ಎದ್ದಿತು.

"ಮುಚ್ರಲಾ ಬಾಯಿ!" ಅಂದಳು ಅಜ್ಜಿ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಕೊರಳಿನ ಗಂಟು ಸಡಿಲ ಮಾಡಿದಳು. ಬೊಗಸೆಯಲ್ಲಿ ನೀರು ಮೊಗೆದು ಅದರ ಮೂತಿಯ ಹತ್ತಿರ ಹಿಡಿದಳು. "ಕುಡಿಯೇ, ಮುಂಡೇದೆ. ನನ್ ಮಾನ ಉಳ್ಸೆ. ಕುಡಿಯೇ ನನ್ನವ್ವ."

ಕೆಂಪಿ ಅಜ್ಜಿಯ ಮುಖ ನೋಡಿತು. ಮೂತಿ ಚಾಚಿ ಮೂಸಿತು. ನಾಲಿಗೆ ಹೊರಬಂತು. ನಾನು ಪಕ್ಕದಲ್ಲೇ ನಿಂತಿದ್ದೆ, ಅದು ಲೊಚಲೊಚ ಅಂತ ನೆಕ್ಕಿದ್ದು ನನ್ನ ಕಿವಿಗೆ ಬಿತ್ತು. ಬಾಯಾರಿ ಸಾಯುತ್ತಿತ್ತು ಪಾಪ, ಒಮ್ಮೆಲೇ ಮುಂದಕ್ಕೆ ನುಗ್ಗಿ ಬೊಗಸೆಗೆ ಬಾಯಿ ಹಾಕಿತು.

ಚಿಕ್ಕಪ್ಪ ನಿಂತಿದ್ದು ಅಜ್ಜಿಯ ಹಿಂದೆ. ಅವನಿಗೆ ಕಂಡಿದ್ದು ಹಲ್ಲು, ಕೆಂಪು ನೊರೆ, ಅದರಡಿಯಲ್ಲಿ ತನ್ನ ಅಮ್ಮನ ಕೈ. ಪೈಪು ಬೀಸಿಯೇಬಿಟ್ಟ.

ಮಡಕೆ ಒಡೆದ ಹಾಗೆ ಸದ್ದಾಯಿತು. ಕೆಂಪಿ ಅಜ್ಜಿಯ ಮಡಿಲ ಮೇಲೆ ಬಿತ್ತು. ಗುಂಪಿನಲ್ಲಿದ್ದವರು ನುಗ್ಗಿ ಇನ್ನಷ್ಟು ಏಟು ಹಾಕಿದರು, ಒಂದೆರಡು ಅಜ್ಜಿಯ ಮೊಣಕಾಲಿಗೂ ತಗಲಿದವು. ಅವಳು ಏಳಲಿಲ್ಲ. ಬೊಗಸೆ ಹಾಗೇ ಹಿಡಿದುಕೊಂಡಿದ್ದಳು, ಅದರಲ್ಲಿ ರಕ್ತ ಬೆರೆತ ನೀರು ಇನ್ನೂ ಇತ್ತು.

"ಕುಡೀತಿತ್ತು," ಅಂದಳು.

"ಕಚ್ಚೇಬಿಡ್ತು ಅನ್ಕೊಂಡೆ ಅಮ್ಮಾ," ಅಂತ ಚಿಕ್ಕಪ್ಪ ಪೈಪು ಬಿಸಾಕಿದ. ಗುಂಪು ಕರಗಿತು.

ಹಿತ್ತಿಲಿನ ನುಗ್ಗೆಮರದಡಿ ಹೂಳಿದ್ದಾಯಿತು. ಆಮೇಲೆ ಶುರುವಾಯಿತು ಇನ್ನೊಂದು ಭಯ. ಕಳೆ ಕಿತ್ತೂ ಕಿತ್ತೂ ಅಜ್ಜಿಯ ಅಂಗೈ ತುಂಬ ಸೀಳುಗಳಿದ್ದವು, ಅವುಗಳ ಮೇಲೆ ಕೆಂಪಿಯ ಜೊಲ್ಲು ಮೆತ್ತಿತ್ತು. ಚಿಕ್ಕಪ್ಪ ಬೈಕು ತಂದು ಬಾಗಿಲಲ್ಲಿ ನಿಲ್ಲಿಸಿದ. ಹೊಸಕೋಟೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸೋಣ ಬಾ ಅಂತ ಕಾಲು ಹಿಡಿದ. ನಮ್ಮಪ್ಪ ಹೇಳಿದ, ನಮ್ಮಮ್ಮ ಅತ್ತಳು. ಅಜ್ಜಿ ಜಪ್ಪಯ್ಯ ಅಂದರೂ ಕದಲಲಿಲ್ಲ.

"ನಾನು ಸೂಜಿ ಹಾಕಿಸ್ಕೊಂಡ್ರೆ ಅದಕ್ಕೆ ಹುಚ್ಚಿತ್ತು ಅಂತ ನಾನೇ ಊರಿಗೆ ಸಾರ್ದಂಗಾಯ್ತದೆ. ಅದಕ್ಕೆ ಹುಚ್ಚಿರ್ಲಿಲ್ಲ. ನಾ ಸಾಯಲ್ಲ. ನೋಡ್ಕೊಳ್ಳಲಿ ಊರು."

ಇದು ಮೂರ್ಖತನ. ನಮ್ಮಜ್ಜಿ ಅಂತ ನಾನು ಸಮರ್ಥಿಸಿಕೊಳ್ಳುವುದಿಲ್ಲ. ಇವತ್ತು ಯಾರಾದರೂ ಹೀಗೆ ಹಠ ಹಿಡಿದರೆ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಸೂಜಿ ಹಾಕಿಸುತ್ತೇನೆ, ಸೀಳಿದ ಚರ್ಮಕ್ಕೆ ಜೊಲ್ಲು ತಾಗಿದರೂ ಸಾಕು ಆ ರೋಗಕ್ಕೆ. ಆದರೆ ಅವಳ ಕೈಯಲ್ಲಿ ಆ ನಾಯಿಯ ಪರವಾಗಿ ಉಳಿದಿದ್ದ ಸಾಕ್ಷಿ ಅವಳ ಜೀವ ಒಂದೇ. ಅದನ್ನೇ ಒಡ್ಡಿದಳು.

ಅಲ್ಲಿಂದ ದಿನಾ ಬೆಳಗ್ಗೆ ಚಿಕ್ಕಪ್ಪ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಅಜ್ಜಿ ಚೊಂಬು ತುಂಬ ನೀರು ತೆಗೆದುಕೊಂಡು, ಅವನನ್ನೇ ನೋಡುತ್ತಾ ಕೊನೆಯ ಹನಿಯವರೆಗೂ ಗಟಗಟ ಕುಡಿದು ಚೊಂಬನ್ನು ಬೋರಲು ಹಾಕುತ್ತಿದ್ದಳು. ಅವನು ಕೆಲಸಕ್ಕೆ ಹೋಗುತ್ತಿದ್ದ. ಯುಗಾದಿ ಹೋಯಿತು, ಮುಂಗಾರು ಬಂತು, ರಾಗಿ ಬಿತ್ತಿದರು. ಅಜ್ಜಿ ಗಟ್ಟಿಮುಟ್ಟಾಗಿದ್ದಳು. ಅವಳು ಬದುಕಿದಷ್ಟೂ ಊರಿಗೆ ತಾನು ಮಾಡಿದ್ದು ಏನು ಅಂತ ಗೊತ್ತಾಗುತ್ತಾ ಹೋಯಿತು. ನಾರಾಯಣಪ್ಪ ನಮ್ಮ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟು ಹಿಂದಿನ ಓಣಿಯಲ್ಲಿ ಓಡಾಡತೊಡಗಿದ.

ನಾಯಿ ಕೊಂದು ಊರಿಗೆ ಸುಖ ಸಿಕ್ಕಿತಾ? ಎಲ್ಲಿಂದ ಬರಬೇಕು. ಕಾಯುವವು ಇಲ್ಲವಾದ ಮೇಲೆ ಎಲ್ಲೆಲ್ಲಿಂದಲೋ ಗುರುತಿಲ್ಲದ ನಾಯಿಗಳು ಬಂದು ತುಂಬಿಕೊಂಡವು. ಅವಕ್ಕೆ ನಮ್ಮ ಮಕ್ಕಳ ಗುರುತಿಲ್ಲ, ನಮಗೆ ಅವುಗಳ ಹೆಸರಿಲ್ಲ. ಈಗ ಸುತ್ತಲೂ ಲೇಔಟುಗಳಾಗಿವೆ. ದುಡ್ಡು ಸುರಿದು ಜಾತಿನಾಯಿ ತರುತ್ತಾರೆ, ಕಜ್ಜಿ ಹತ್ತಿದರೆ ಹೆದ್ದಾರಿ ಪಕ್ಕ ಕಾರಿನ ಬಾಗಿಲು ತೆಗೆದು ಇಳಿಸಿ ಹೋಗುತ್ತಾರೆ. ಅಂಥವನ್ನು ಎತ್ತಿಕೊಂಡು ಬರುವುದು, ಬೀದಿನಾಯಿಗಳಿಗೆ ಲಸಿಕೆ ಹಾಕಿಸುವುದು ನಾನೂ ನಾಲ್ಕು ಜನ ಗೆಳತಿಯರೂ ಮಾಡುತ್ತಿರುವ ಕೆಲಸ. ಸೂಜಿ ಹಾಕುವಾಗ ನಾಯಿ ಹಿಡಿದುಕೊಳ್ಳಲು ಕರೆದರೆ "ನಮ್ ನಾಯಿ ಅಲ್ಲ ಮೇಡಂ" ಅನ್ನುತ್ತಾರೆ. ಆ ಮಾತು ಕೇಳಿದರೆ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ. ಹಿಂದೆ ನಾಯಿ ಯಾರದೂ ಅಲ್ಲ ಅಂದರೆ ಎಲ್ಲರದೂ ಅಂತ ಇತ್ತು. ಈಗ ಯಾರದೂ ಅಲ್ಲ ಅಂದರೆ ಯಾರದೂ ಅಲ್ಲ, ಅಷ್ಟೇ.

ಅಜ್ಜಿ ಇನ್ನೂ ಬಹಳ ವರ್ಷ ಬಾಳಿ, ನಿದ್ದೆಯಲ್ಲೇ ಹೋದಳು. ಚಿಕ್ಕಪ್ಪನಿಗೆ ಅವಳು ಅನ್ನ ಇಕ್ಕಿದಳು, ಮದುವೆ ಮಾಡಿದಳು, ಅವನ ಮಕ್ಕಳನ್ನು ಎತ್ತಿ ಆಡಿಸಿದಳು. ಜಗಳವಿಲ್ಲ, ಮುನಿಸಿಲ್ಲ. ಆದರೆ ಆ ಮಧ್ಯಾಹ್ನದ ತನಕ "ಲೇ ಮಂಜ, ಬಾರೋ ಉಣ್ಣಕ್ಕೆ" ಅನ್ನುತ್ತಿದ್ದವಳು ಆಮೇಲೆ "ಏನಪ್ಪಾ, ಊಟ ಆಯ್ತಾ?" ಅಂತ ದಾರಿಹೋಕರನ್ನು ಕೇಳುವ ಹಾಗೆ ಕೇಳುತ್ತಿದ್ದಳು. ಅಜ್ಜಿಯನ್ನು ಮಣ್ಣು ಮಾಡಿ ಬಂದ ಸಂಜೆ ಚಿಕ್ಕಪ್ಪ ಜಗುಲಿಯ ಮೇಲೆ ನನ್ನ ಪಕ್ಕ ಕೂತ. ತಲೆಯೆಲ್ಲ ನರೆತಿತ್ತು. ಹೇಳಿದ:

"ಅಷ್ಟ್ ವರ್ಷ ಜೊತೇಲಿದ್ಳು ಕಣಮ್ಮ. ಒಂದೇ ಒಂದ್ಸಲ ನನ್ನ ಲೇ ಅನ್ಲಿಲ್ಲ."